ಗಾಂಧಿ ಕ್ಲಾಸಿನಿಂದ ಒಪೆರಾ

(ಕಲಬುರಗಿಯಲ್ಲಿ ಗೆಳೆಯರ ಬಳಗದ ಭಾನುವಾರದ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಒಂದಿಷ್ಟು ತಿದ್ದಿದ್ದೇನೆ, ಸಭೆಯಲ್ಲಿ ಬಂದ ಪ್ರಶ್ನೆಗಳನ್ನೂ ಒಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು ಶರಣಾರ್ಥಿ.

ಪರಿಚಯ ಮಾಡಿಕೊಟ್ಟವರು ನನ್ನನ್ನು ‘ಪಾಶ್ಚಾತ್ಯ ಸಂಗೀತದ ತಜ್ಞರು’ ಅಂದರು. ಆ ಭಾರವನ್ನು ಮೊದಲು ಇಳಿಸಿಬಿಡುತ್ತೇನೆ. ನಾನು ಇದೇ ಊರಿನ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಒಂದು ಕ್ವಿಂಟಲ್ ತೊಗರಿಗೆ ಬೇಳೆ ಎಷ್ಟು, ಚುನ್ನಿ ಎಷ್ಟು ಅಂತ ಕೇಳಿದರೆ ನಿದ್ದೆಗಣ್ಣಿನಲ್ಲಿಯೂ ಹೇಳುತ್ತೇನೆ. ಪಾಶ್ಚಾತ್ಯ ಸ್ವರಲಿಪಿ ಮುಂದಿಟ್ಟರೆ ಒಂದಕ್ಷರ ಓದಲಾರೆ. ಆದರೆ ಒಪೆರಾ ಎಂದರೆ ಹುಚ್ಚು. ಈಚೆಗೆ ಬ್ಯಾಲೆ ಕೂಡ. ಹುಚ್ಚಿರುವವರು ಮಾತಾಡಲಿ ಅಂತ ನೀವು ಕರೆದಿದ್ದರೆ ನಾನು ಸರಿಯಾದ ಮನುಷ್ಯ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಒಪೆರಾ ಅಂದರೆ ಬಹುಪಾಲು ಹಾಡಿನಲ್ಲೇ ನಡೆಯುವ ನಾಟಕ. ಜಗಳವೂ ಹಾಡು, ಪತ್ರ ಓದುವುದೂ ಹಾಡು, ಸಾಯುವುದಂತೂ ಹತ್ತು ನಿಮಿಷದ ಹಾಡು. ಬ್ಯಾಲೆಯಲ್ಲಿ ಬಾಯೇ ಇಲ್ಲ, ಮೈಯೇ ಎಲ್ಲವನ್ನೂ ಹೇಳಬೇಕು. 1600ರ ಆಸುಪಾಸಿನಲ್ಲಿ ಇಟಲಿಯ ಫ್ಲಾರೆನ್ಸಿನ ಕೆಲವು ಪಂಡಿತರು, ಹಳೆಯ ಗ್ರೀಕರು ನಾಟಕವನ್ನು ಹಾಡುತ್ತಿದ್ದರಂತೆ, ನಾವೂ ಹಾಗೇ ಮಾಡೋಣ ಅಂತ ಹೊರಟರು. 1607ರಲ್ಲಿ ಮಾಂಟುವಾದ ಅರಮನೆಯಲ್ಲಿ ಮೊಂಟೆವೆರ್ದಿಯ ‘ಓರ್ಫೆಯೋ’ ಆಯಿತು. ಇದೆಲ್ಲ ರಾಜರ ಮನೆಯ ಮದುವೆ ಮುಂಜಿಯ ವೈಭವ. ನನಗೆ ಮುಖ್ಯವಾಗಿ ಕಾಣುವ ವರ್ಷ 1637. ಆ ವರ್ಷ ವೆನಿಸ್ಸಿನಲ್ಲಿ ಸಾನ್ ಕಾಸಿಯಾನೊ ಎಂಬ ರಂಗಮಂದಿರ ದುಡ್ಡು ಕೊಟ್ಟವರಿಗೆಲ್ಲ ಬಾಗಿಲು ತೆರೆಯಿತು. ಟಿಕೀಟು ಬಂತು ಅಂದಮೇಲೆ ಕಂಪನಿ ನಾಟಕವೇ ಬಂದಂತೆ. ಗಲ್ಲಾಪೆಟ್ಟಿಗೆ ಬಂತು, ಹೆಸರುವಾಸಿ ನಟಿ ಬಂದಳು, ಆಕೆಯ ಅಭಿಮಾನಿಗಳು ಬಂದರು, ಅವರ ನಡುವಿನ ಬಡಿದಾಟ ಬಂತು, ಮತ್ತು ಗಾಂಧಿ ಕ್ಲಾಸು ಬಂತು.

ನಾನು ಹೇಳಬೇಕೆಂದು ಬಂದದ್ದು ಈ ಗಾಂಧಿ ಕ್ಲಾಸಿನ ವಿಷಯ. ಒಪೆರಾ ಶ್ರೀಮಂತರ ಶೋಕಿ ಅನ್ನುವುದು ದುಬಾರಿ ಸೀಟಿನಲ್ಲಿ ಕೂತು ಬಂದವರ ವರದಿ. ಅಗ್ಗದ ಜಾಗದಲ್ಲಿ ನಿಂತವರನ್ನು ಯಾರೂ ಕೇಳಿಲ್ಲ. ನಮ್ಮ ಶರಣಬಸವೇಶ್ವರ ಜಾತ್ರೆಗೆ ನಾಟಕ ಕಂಪನಿಗಳು ಬಂದಾಗ ತಗಡಿನ ಥೇಟರಿನಲ್ಲಿ ಕುರ್ಚಿಯವರು ಆಕಳಿಸುತ್ತಿದ್ದರು, ನೆಲದ ಮೇಲೆ ಕೂತವರು ‘ಒನ್ಸ್ ಮೋರ್’ ಕೂಗುತ್ತಿದ್ದರು. ಯಾವ ಪದ್ಯ ಎಲ್ಲಿ ಎತ್ತಬೇಕು, ಯಾವ ನಟ ಇವತ್ತು ತಾಳ ತಪ್ಪಿದ ಅನ್ನುವುದು ಅವರಿಗೆ ಗೊತ್ತಿತ್ತು. ಯುರೋಪಿನಲ್ಲಿಯೂ ಲೆಕ್ಕ ಅದೇ. ಒಂದೇ ವ್ಯತ್ಯಾಸವೆಂದರೆ ನಮ್ಮಲ್ಲಿ ಗಾಂಧಿ ಕ್ಲಾಸು ವೇದಿಕೆಯ ಮೂಗಿನಡಿ. ಅಲ್ಲಿ ಹೆಚ್ಚಾಗಿ ನಾಲ್ಕನೆಯದೋ ಐದನೆಯದೋ ಅಂತಸ್ತಿನ ಮೇಲೆ, ಛಾವಣಿಗೆ ತಲೆ ತಾಗುವಲ್ಲಿ.

ಈ ಹುಚ್ಚು ಹತ್ತಿದ್ದು ಮುಂಬೈಯಲ್ಲಿ. ಬೇಳೆ ವ್ಯಾಪಾರದ ವಸೂಲಿಗೆಂದು ಮಿಲ್ಲಿನವರು ನನ್ನನ್ನು ಮಸೀದ್ ಬಂದರ್ ಕಡೆಗೆ ಕಳಿಸುತ್ತಿದ್ದರು. ಸಂಜೆ ಇಲ್ಲಿ ಹುಸೇನ್‌ಸಾಗರ ಹತ್ತಿದರೆ ನಸುಕಿನಲ್ಲಿ ಮುಂಬೈ. ಚರ್ನಿ ರೋಡ್ ಸ್ಟೇಷನ್ನಿನ ಹತ್ತಿರ ‘ಒಪೆರಾ ಹೌಸ್’ ಅನ್ನುವ ಬಸ್ ಸ್ಟಾಪು, ವಜ್ರದ ವ್ಯಾಪಾರಿಗಳ ಗದ್ದಲ, ನಡುವೆ ಬಾಗಿಲು ಹಾಕಿದ ಒಂದು ಮಂಕು ಕಟ್ಟಡ. 1911ರಲ್ಲಿ ಐದನೆಯ ಜಾರ್ಜ್ ದೊರೆ, ಕಟ್ಟಿ ಮುಗಿಯುವ ಮೊದಲೇ ಉದ್ಘಾಟಿಸಿ ಹೋದ ರಾಯಲ್ ಒಪೆರಾ ಹೌಸ್ ಅದು. ಬಾಲಗಂಧರ್ವರು ಹಾಡಿದ್ದು ಅಲ್ಲಿ, ಪೃಥ್ವಿರಾಜ್ ಕಪೂರ್ ನಾಟಕ ಆಡಿದ್ದು ಅಲ್ಲಿ. ಆಮೇಲೆ ಸಿನಿಮಾ ಟಾಕೀಸಾಯಿತು, 1990ರ ದಶಕದಲ್ಲಿ ಮುಚ್ಚಿತು. ರಿಪೇರಿಯಾಗಿ ಮತ್ತೆ ತೆರೆದದ್ದು 2016ರ ಅಕ್ಟೋಬರಿನಲ್ಲಿ, ಮುಂಬೈಯಲ್ಲೇ ಹುಟ್ಟಿ ಬೆಳೆದ ಸೊಪ್ರಾನೊ, ಅಂದರೆ ತಾರಸ್ಥಾಯಿಯ ಗಾಯಕಿ, ಪೆಟ್ರೀಷಿಯಾ ರೊಜಾರಿಯೊ ಅವರ ಗಾಯನದೊಂದಿಗೆ. ಒಳಗೆ ಹೋಗಿ ನೋಡಿ, ಬಾಲ್ಕನಿಯ ಬಂಗಾರದ ಬಣ್ಣ ಕಣ್ಣು ಕುಕ್ಕುತ್ತದೆ.

ಆದರೆ ನಾನು ಮೊದಲು ಒಪೆರಾ ಕಂಡದ್ದು ನರಿಮನ್ ಪಾಯಿಂಟಿನ ಎನ್‌ಸಿಪಿಎ ಎಂಬ ಕಲಾಕೇಂದ್ರದಲ್ಲಿ, ಅದೂ ಪರದೆಯ ಮೇಲೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದವರು 2006ರ ಡಿಸೆಂಬರಿನಿಂದ ತಮ್ಮ ಪ್ರದರ್ಶನಗಳನ್ನು ಸಿನಿಮಾ ಮಂದಿರಗಳಿಗೆ ಕಳಿಸುತ್ತಿದ್ದಾರೆ. ಅಡಿಯಲ್ಲಿ ಇಂಗ್ಲಿಷಿನಲ್ಲಿ ಮಾತು ಬರುತ್ತದೆ, ಹಾಡುವವರ ಕತ್ತಿನ ನರ ಕಾಣುತ್ತದೆ, ಹಣೆಯ ಬೆವರು ಕಾಣುತ್ತದೆ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಆದರೂ ಅದು ಒಪೆರಾ ಅಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸ್ಪೀಕರಿನಲ್ಲಿ ಎಲ್ಲರ ದನಿಯೂ ಒಂದೇ ಗಾತ್ರ. ಸಣ್ಣ ದನಿಯವಳೂ ದೊಡ್ಡ ದನಿಯವಳೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಒಪೆರಾದ ಅರ್ಧ ರೋಮಾಂಚನ ಹೋಯಿತು.

ಯಾಕಂದರೆ ಒಪೆರಾದಲ್ಲಿ ಮೈಕ್ ಇಲ್ಲ. ಈ ಒಂದು ಮಾತಿನ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ವೇದಿಕೆಯ ಮುಂದಿನ ತಗ್ಗಿನಲ್ಲಿ ಎಪ್ಪತ್ತು ಎಂಬತ್ತು ವಾದ್ಯಗಳು. ಅವುಗಳನ್ನು ದಾಟಿ ಒಬ್ಬನ ಗಂಟಲು ಎರಡು ಸಾವಿರ ಜನರಿಗೆ ಮುಟ್ಟಬೇಕು. ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ನಲ್ಲಿಯಾದರೆ 3,800 ಜನರಿಗೆ. ಮನೆಯಲ್ಲಿ ಕ್ಯಾಸೆಟ್ ಹಾಕಿದಾಗ ನಮ್ಮವ್ವ ಅಡುಗೆಮನೆಯಿಂದ ಬಂದು, “ಯಾಕೋ ಯಪ್ಪಾ, ಈ ಹೆಣ್ಮಗಳು ಹಿಂಗ್ಯಾಕ ಒದರ್ಲತ್ತಾಳ? ಯಾರರ ಹೊಡೀಲತ್ತಾರೇನು?” ಅಂತ ಕೇಳಿದ್ದಳು. ಒದರುವುದಲ್ಲ ಅಂತ ಹೇಳುವುದು ಸುಲಭ, ಮತ್ತೇನು ಅಂತ ಹೇಳಲು ನನಗೆ ಬಹಳ ವರ್ಷ ಬೇಕಾಯಿತು. ಸ್ವೀಡನ್ನಿನ ಯೊಹಾನ್ ಸುಂಡ್‌ಬೆರ್ಗ್ ಎಂಬ ವಿಜ್ಞಾನಿ ಇದನ್ನು ಅಳೆದು ನೋಡಿದರು. ವಾದ್ಯವೃಂದದ ಶಬ್ದ ಅತಿ ಜೋರಾಗಿರುವುದು 500 ಹರ್ಟ್ಸ್, ಅಂದರೆ ಸೆಕೆಂಡಿಗೆ 500 ಕಂಪನದ ಸುಮಾರಿನಲ್ಲಿ. ಮೇಲೆ ಹೋದಂತೆ ಅದು ಇಳಿಯುತ್ತದೆ. ಪಳಗಿದ ಗಾಯಕ ಗಂಟಲಿನ ಗೂಡನ್ನು ಇಳಿಸಿ, ಅಗಲಿಸಿ, 3,000 ಹರ್ಟ್ಸ್ ಸುಮಾರಿನಲ್ಲಿ ತನ್ನ ದನಿಗೆ ಒಂದು ಹೊಳಪು ಕೂಡಿಸಿಕೊಳ್ಳುತ್ತಾನೆ. ಅಲ್ಲಿ ವಾದ್ಯಗಳ ಅಡ್ಡಿ ಕಡಿಮೆ. ಮನುಷ್ಯನ ಕಿವಿ ಅತಿ ಚುರುಕಾಗಿರುವುದೂ ಅಲ್ಲಿಯೇ. ಹೀಗಾಗಿ ಆತ ವಾದ್ಯಗಳಿಗಿಂತ ಜೋರಾಗಿ ಹಾಡಬೇಕಾಗಿಲ್ಲ, ಅವು ಬಿಟ್ಟ ಸಂದಿಯಲ್ಲಿ ನುಸುಳಿ ಬರುತ್ತಾನೆ. ಹೆಂಗಸರ ತಾರಸ್ಥಾಯಿಯ ದನಿಗೆ ದಾರಿ ಬೇರೆ: ಬಾಯಿ ಅಗಲಿಸಿ, ಬಾಯೊಳಗಿನ ಪೊಳ್ಳನ್ನೇ ಸ್ವರಕ್ಕೆ ಹೊಂದಿಸಿಕೊಳ್ಳುತ್ತಾರೆ.

ನಮ್ಮ ಹಳೆಯ ಕಂಪನಿ ನಟರಿಗೆ ಹರ್ಟ್ಸ್ ಗೊತ್ತಿರಲಿಲ್ಲ, ಕೆಲಸ ಮಾತ್ರ ಗೊತ್ತಿತ್ತು. ಮಲ್ಲಿಕಾರ್ಜುನ ಮನಸೂರರು ಹುಡುಗರಾಗಿದ್ದಾಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಪಾತ್ರ ಮಾಡಿದವರು. ಮೈಕ್ ಇಲ್ಲದ ಆ ಕಾಲದಲ್ಲಿ ಕಡೆಯ ಸಾಲಿನವನಿಗೆ ಪದ್ಯ ಮುಟ್ಟದಿದ್ದರೆ ಮರುದಿನ ಪಾತ್ರ ಇನ್ನೊಬ್ಬನದು. ಈಗಿನ ಜಾತ್ರೆ ನಾಟಕಗಳಲ್ಲಿ ಆಳೆತ್ತರದ ಸೌಂಡ್ ಬಾಕ್ಸು. ನನಗೆ ಹೊಟ್ಟೆ ಉರಿಯುತ್ತದೆ. ಅದು ಬೇರೆ ಭಾಷಣದ ವಿಷಯ, ಬಿಡಿ.

ಮಗಳು ಲಂಡನ್ನಿನಲ್ಲಿ ನೌಕರಿಗೆ ಸೇರಿದ ಮೇಲೆ ನನ್ನ ಗಾಂಧಿ ಕ್ಲಾಸು ಯುರೋಪಿಗೆ ಬಡ್ತಿ ಪಡೆಯಿತು. ಅಲ್ಲಿಂದ ಬೇರೆ ಊರುಗಳಿಗೆ ಹೋಗಲು ಬೇರೆ ವೀಸಾ ಬೇಕು, ಆ ಕಾಗದಪತ್ರದ ಪುರಾಣ ಇಲ್ಲಿ ಬೇಡ. ವಿಯೆನ್ನಾಕ್ಕೆ ಬರುತ್ತೇನೆ.

ವಿಯೆನ್ನಾದ ಸ್ಟೇಟ್ ಒಪೆರಾ ರಿಂಗ್ ರಸ್ತೆಯ ಮೇಲಿದೆ. ಕಾರ್ಲ್ಸ್‌ಪ್ಲಾಟ್ಸ್ ಮೆಟ್ರೊ ಇಳಿದು ಮೇಲೆ ಬಂದರೆ ಎದುರಿಗೇ. ತೆರೆದದ್ದು 1869ರಲ್ಲಿ, ಮೊಟ್ಸಾರ್ಟನ ‘ಡಾನ್ ಜೊವಾನಿ’ ಆಡಿ. ಕಟ್ಟಡ ಏಳುವಾಗ ಊರಿನವರು ಅದನ್ನು ನೆಲಕ್ಕೆ ಹೂತ ಪೆಟ್ಟಿಗೆ ಅಂತ ಆಡಿಕೊಂಡರು. ವಿನ್ಯಾಸ ಮಾಡಿದ ಇಬ್ಬರಲ್ಲಿ ಫಾನ್ ಡೆರ್ ನುಲ್ ನೇಣು ಹಾಕಿಕೊಂಡ, ಕೆಲವೇ ವಾರಗಳಲ್ಲಿ ಜೊತೆಗಾರ ಸಿಕಾರ್ಡ್ಸ್‌ಬುರ್ಗ್ ಕೂಡ ತೀರಿಕೊಂಡ. ಉದ್ಘಾಟನೆ ಇಬ್ಬರೂ ನೋಡಲಿಲ್ಲ. ಅದಾದ ಮೇಲೆ ಚಕ್ರವರ್ತಿ ಫ್ರಾನ್ಸ್ ಯೋಸೆಫ್ ಯಾವ ಕಟ್ಟಡ, ಯಾವ ಪ್ರದರ್ಶನ ತೋರಿಸಿದರೂ ‘ಬಹಳ ಚೆಂದ ಆಗಿದೆ, ನನಗೆ ಬಹಳ ಸಂತೋಷವಾಯಿತು’ ಅನ್ನುವ ಒಂದೇ ಮಾತು ಆಡುತ್ತಿದ್ದನಂತೆ. 1945ರ ಮಾರ್ಚಿನಲ್ಲಿ ಬಾಂಬು ಬಿದ್ದು ಒಳಗೆಲ್ಲ ಸುಟ್ಟಿತು. ಮತ್ತೆ ಕಟ್ಟಿ 1955ರ ನವೆಂಬರಿನಲ್ಲಿ ಬೆಥೋವನನ ‘ಫಿಡೇಲಿಯೊ’ ಆಡಿ ತೆರೆದರು. ಸೆರೆಮನೆಯಿಂದ ಕೈದಿಗಳು ಬೆಳಕಿಗೆ ಬರುವ ಒಪೆರಾ ಅದು. ಯುದ್ಧ ಕಂಡ ಊರು ಅದನ್ನೇ ಆರಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ನಿಂತು ನೋಡುವ ಜಾಗ ಇದೆ, ನೂರಾರು ಜನಕ್ಕೆ. ಒಳ್ಳೆಯ ಸೀಟು ಇನ್ನೂರು ಯೂರೋ ದಾಟುತ್ತದೆ, ನಿಲ್ಲುವವರಿಗೆ ಅದರ ಸಣ್ಣ ಪಾಲು. ಮಜಾ ಏನಂದರೆ ನೆಲಮಟ್ಟದ ನಿಲ್ಲುವ ಜಾಗ ಇರುವುದು ಹಿಂದೆ ಚಕ್ರವರ್ತಿ ಕೂಡುತ್ತಿದ್ದ ನಡುವಿನ ಬಾಕ್ಸಿನ ಸರಿಯಾಗಿ ಕೆಳಗೆ. ವೇದಿಕೆ ನೇರ ಮುಂದೆ. ರಾಜನಿಗೆ ಕಂಡದ್ದೆಲ್ಲ ನಮಗೂ ಕಾಣುತ್ತದೆ, ಕಾಲು ನೋಯುತ್ತದೆ ಅಷ್ಟೆ. ಸಾಲಿನಲ್ಲಿ ಕಾದು ಒಳಗೆ ಹೋದವರು ಮುಂದಿನ ಕಂಬಿಗೆ ಕುತ್ತಿಗೆಯ ಸ್ಕಾರ್ಫ್ ಕಟ್ಟಿ ಜಾಗ ಹಿಡಿದು, ಚಹಾ ಕುಡಿಯಲು ಹೊರಗೆ ಹೋಗಿಬಿಡುತ್ತಾರೆ. ಕಟ್ಟಿದ ಬಟ್ಟೆಯನ್ನು ಯಾರೂ ಮುಟ್ಟುವುದಿಲ್ಲ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಜೇವರ್ಗಿ ಗಾಡಿ ಬರುತ್ತಲೇ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವುದಿಲ್ಲವೇ, ಅದೇ ಕಾನೂನು. ನನ್ನ ಹೆಗಲ ಮೇಲೆ ಟವೆಲ್ ಇದ್ದೇ ಇತ್ತು, ಕಟ್ಟಿದೆ. ಪಕ್ಕದಲ್ಲಿ ಒಬ್ಬ ಮುದುಕಿ, ನಮ್ಮವ್ವನ ವಯಸ್ಸಿನವಳು, ಗಂಟು ಸಡಿಲವಾಗಿದೆ ಅಂತ ಕೈಸನ್ನೆ ಮಾಡಿ, ತಾನೇ ಬಿಚ್ಚಿ, ಎರಡು ಸುತ್ತು ಸುತ್ತಿ ಬಿಗಿ ಮಾಡಿದಳು. ಅವಳ ಚೀಲದಲ್ಲಿ ಮಡಚುವ ಪುಟ್ಟ ಸ್ಟೂಲು, ನೀರಿನ ಬಾಟಲಿ, ಕೆಮ್ಮಿನ ಗುಳಿಗೆ, ಹೊದಿಕೆ ಹರಿದ ಒಂದು ಪುಸ್ತಕ. ಆಕೆಗೆ ನನ್ನ ಭಾಷೆ ಬಾರದು, ನನಗೆ ಆಕೆಯದು. ಆದರೆ ಕೆಟ್ಟ ಸ್ವರ ಬಂದಾಗ ಇಬ್ಬರೂ ಒಟ್ಟಿಗೇ ಮುಖ ಹಿಂಡಿದೆವು.

ಆ ಸಂಜೆ ಇಟಲಿಯ ಪುಚ್ಚಿನಿ ಸಂಗೀತ ಕಟ್ಟಿದ ‘ಟೋಸ್ಕಾ’. ಅಲ್ಲಿಯ ‘ಟೋಸ್ಕಾ’ ರಂಗಸಜ್ಜಿಕೆ 1958ರದು, ನೂರಾರು ಪ್ರದರ್ಶನ ಕಂಡದ್ದು. ಅದೇ ಚರ್ಚು, ಅದೇ ಮೇಜು. ಕಂಪನಿಯ ದರ್ಬಾರ್ ಪರದೆ ಮೂವತ್ತು ವರ್ಷ ನಡೆದದ್ದನ್ನು ನಾವು ನಗುತ್ತಿದ್ದೆವಲ್ಲ, ಜಗತ್ತಿನ ಹೆಸರಾಂತ ಒಪೆರಾದವರಿಗೂ ಹಳೆಯ ಪರದೆಯ ಮೇಲೆ ಅಭಿಮಾನ ಇದೆ. ಕಥೆ ಹೇಳಿಬಿಡುತ್ತೇನೆ. 1800ರ ಜೂನ್, ರೋಮ್ ನಗರ. ಗಾಯಕಿ ಟೋಸ್ಕಾ, ಆಕೆಯ ಪ್ರೇಮಿ ಚಿತ್ರಕಾರ, ಅವನನ್ನು ಹಿಡಿದು ಹಿಂಸಿಸುವ ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾ. ‘ನೀನು ನನ್ನವಳಾದರೆ ಅವನನ್ನು ಬಿಡುತ್ತೇನೆ’ ಅನ್ನುತ್ತಾನೆ. ಆಕೆ ಒಪ್ಪಿದಂತೆ ಮಾಡಿ ಊಟದ ಮೇಜಿನ ಚಾಕುವಿನಿಂದಲೇ ಇರಿಯುತ್ತಾಳೆ.

ಇದರ ನಂತರದ ಮೂರು ನಾಲ್ಕು ನಿಮಿಷ ಯಾರೂ ಹಾಡುವುದೇ ಇಲ್ಲ. ಆಕೆ ಕೈ ತೊಳೆಯುತ್ತಾಳೆ, ಕನ್ನಡಿ ನೋಡಿ ಕೂದಲು ಸರಿ ಮಾಡಿಕೊಳ್ಳುತ್ತಾಳೆ, ಪ್ರೇಮಿಯೊಂದಿಗೆ ಊರು ಬಿಡಲೆಂದು ಅವನಿಂದ ಬರೆಸಿಕೊಂಡ ರಹದಾರಿ ಕಾಗದವನ್ನು ಸತ್ತವನ ಮುಷ್ಟಿಯಿಂದ ಬಿಡಿಸಿಕೊಳ್ಳುತ್ತಾಳೆ. ಹೊರಡುವವಳು ಬಾಗಿಲಲ್ಲಿ ತಡೆದು, ತಿರುಗಿ ಬಂದು, ಎರಡು ಮೇಣದಬತ್ತಿಗಳನ್ನು ಹೆಣದ ಎರಡೂ ಮಗ್ಗುಲಲ್ಲಿಟ್ಟು, ಗೋಡೆಯ ಶಿಲುಬೆ ಇಳಿಸಿ ಎದೆಯ ಮೇಲೆ ಇಡುತ್ತಾಳೆ. ಕೊಂದವಳೂ ಅವಳೇ, ಸಂಸ್ಕಾರ ಮಾಡುವವಳೂ ಅವಳೇ. ನಿಂತವರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮುದುಕಿ ಕಂಬಿ ಹಿಡಿದ ಬೆರಳು ಬಿಳಿಚಿದ್ದವು. ಆಕೆ ಇದನ್ನು ಎಷ್ಟು ಸಲ ನೋಡಿದ್ದಳೋ. ಇದೇ ಅಂಕದ ಹೆಸರಾಂತ ಹಾಡನ್ನು ಮಾರಿಯಾ ಯೆರಿಟ್ಸಾ ಎಂಬ ಗಾಯಕಿ ನೆಲದ ಮೇಲೆ ಬೋರಲು ಬಿದ್ದುಕೊಂಡು ಹಾಡುತ್ತಿದ್ದಳು. ತಾಲೀಮಿನಲ್ಲಿ ಜಾರಿ ಬಿದ್ದವಳು ಹಾಗೇ ಹಾಡಿದ್ದಳಂತೆ, ಪುಚ್ಚಿನಿ ಮೆಚ್ಚಿ ಅದನ್ನೇ ಇಟ್ಟುಕೋ ಅಂದನಂತೆ. ಆಮೇಲೆ ಎಷ್ಟೋ ಜನ ಬೇಕಂತಲೇ ಬಿದ್ದರು.

ಮಧ್ಯಂತರದಲ್ಲಿ ಒಳಗಿನ ಅಂಗಡಿಯ ದರ ನೋಡಿ ಹೊರಗಿನ ಕಮಾನಿನ ಕೆಳಗೆ ನಿಂತು ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದೆ. ಆ ಕಟುಂ ಕಟುಂ ಸಪ್ಪಳಕ್ಕೆ ಕೋಟು ಹಾಕಿಕೊಂಡ ನಾಲ್ಕು ಜನ ತಿರುಗಿ ನೋಡಿದರು. ಮುಗಿದ ಮೇಲೆ ಟ್ರಾಮು ತಡರಾತ್ರಿಯವರೆಗೂ ಇರುತ್ತದೆ. ಒಪೆರಾ ಊರುಗಳಲ್ಲಿ ಕೊನೆಯ ಗಾಡಿಯ ಹೊತ್ತು ಗೊತ್ತಿಟ್ಟುಕೊಂಡೇ ಒಳಗೆ ಹೋಗಬೇಕು, ಕೊನೆಯ ಅಂಕದಲ್ಲಿ ಗಡಿಯಾರ ನೋಡುವವನಿಗೆ ಏನೂ ದಕ್ಕುವುದಿಲ್ಲ.

‘ಟೋಸ್ಕಾ’ದ ಬೆನ್ನು ಹತ್ತಿ ರೋಮಿಗೂ ಹೋದೆ. ಈ ಒಪೆರಾದ ಮೂರೂ ಅಂಕ ನಡೆಯುವುದು ನಿಜವಾದ ಮೂರು ಜಾಗಗಳಲ್ಲಿ, ಒಂದು ಮಧ್ಯಾಹ್ನದಲ್ಲಿ ಮೂರನ್ನೂ ನಡೆದು ಮುಗಿಸಬಹುದು. ಟರ್ಮಿನಿ ಸ್ಟೇಷನ್ನಿನಿಂದ 64ನೇ ನಂಬರಿನ ಬಸ್ಸು; ಜೇಬುಗಳ್ಳರಿಗೆ ಹೆಸರಾದದ್ದು, ಪಾಸ್‌ಪೋರ್ಟು ಬನಿಯನ್ನಿನ ಒಳಗೇ ಇರಲಿ. ಮೊದಲು ಸಾಂತ್ ಆಂದ್ರೆಯಾ ದೆಲ್ಲಾ ವಾಲ್ಲೆ ಚರ್ಚು. ಒಪೆರಾದಲ್ಲಿ ಬರುವ ಅತ್ತವಾಂತಿ ಪ್ರಾರ್ಥನಾಗೃಹ ಹುಡುಕಬೇಡಿ, ಅದು ಕಲ್ಪನೆ. ಅಲ್ಲಿಂದ ನಾಲ್ಕು ಹೆಜ್ಜೆಗೆ ಫಾರ್ನೆಸೆ ಅರಮನೆ, ಸ್ಕಾರ್ಪಿಯಾ ಸತ್ತ ಜಾಗ; ಈಗ ಫ್ರೆಂಚರ ರಾಯಭಾರ ಕಚೇರಿ. ನದಿ ದಾಟಿದರೆ ಸಾಂತ್ ಆಂಜೆಲೊ ಕೋಟೆ. ರೋಮನ್ ದೊರೆ ಹೇಡ್ರಿಯನ್ನನ ಗೋರಿಯಾಗಿ ಹುಟ್ಟಿ ಕೋಟೆಯಾದದ್ದು. ಟೋಸ್ಕಾ ಕೊನೆಗೆ ಹಾರಿಕೊಳ್ಳುವುದು ಇದರ ಮೇಲಿಂದ. ಮೇಲೆ ನಿಂತು ಬಗ್ಗಿ ನೋಡಿದೆ. ಟೈಬರ್ ನದಿ ಅಲ್ಲೆಲ್ಲೋ ದೂರ, ನಡುವೆ ಕೊತ್ತಲ, ರಸ್ತೆ. ಮೂಲ ನಾಟಕ ಬರೆದ ಸಾರ್ದೂ ಮಹಾಶಯ ನದಿಯನ್ನೇ ತನಗೆ ಬೇಕಾದ ಕಡೆ ಹರಿಸಲು ನೋಡಿದ, ನದಿ ಆ ಕಡೆ ಇಲ್ಲ ಅಂದರೂ ಅದೇನು ಮಹಾ ಅಂದ ಅಂತ ಪುಚ್ಚಿನಿಯೇ ಬರೆದಿದ್ದಾನೆ. ನಾಟಕದವರು ಎಲ್ಲ ಕಡೆ ಒಂದೇ.

ಇನ್ನು ‘ಒನ್ಸ್ ಮೋರ್’. ಇಟಲಿಯಲ್ಲಿ ಇದಕ್ಕೆ ‘ಬಿಸ್’ ಅಂತಾರೆ. ಮಿಲಾನಿನ ಲಾ ಸ್ಕಾಲಾದಲ್ಲಿ ತೊಸ್ಕಾನಿನಿ ಎಂಬ ವಾದ್ಯವೃಂದದ ನಿರ್ದೇಶಕ ಇದಕ್ಕೆ ಕಡುವೈರಿ. ನಾಟಕದ ಓಟ ಮುರಿಯುತ್ತದೆ ಅನ್ನುವುದು ಅವನ ವಾದ. ಕ್ರಮೇಣ ಅಲ್ಲಿ ಹಾಡನ್ನು ಮತ್ತೊಮ್ಮೆ ಹಾಡುವ ಪದ್ಧತಿಯೇ ನಿಂತಿತು. 1933ರ ನಂತರ ಮೊದಲ ಸಲ ಒಬ್ಬ ಒಂಟಿ ಗಾಯಕನಿಗಾಗಿ ಅದು ಮುರಿದದ್ದು 2007ರಲ್ಲಿ. ಪೆರು ದೇಶದ ಹುವಾನ್ ದಿಯೆಗೊ ಫ್ಲೋರೆಸ್, ದೊನಿಜೆತ್ತಿಯ ಒಪೆರಾದಲ್ಲಿ ಒಂಬತ್ತು ಸಲ ತಾರಸ್ಥಾಯಿಗೆ ಏರುವ ಹಾಡು ಮುಗಿಸಿದಾಗ ಜನ ಬಿಡಲಿಲ್ಲ, ಆತ ಒಂಬತ್ತನ್ನೂ ಮತ್ತೆ ಏರಿದ. ನನ್ನನ್ನು ಕೇಳಿದರೆ ತೊಸ್ಕಾನಿನಿ ಅರ್ಧ ಸರಿ. ‘ಟೋಸ್ಕಾ’ದ ನಡುವೆ ಒನ್ಸ್ ಮೋರ್ ಕೂಗುವವನನ್ನು ಹೊರಗೆ ಹಾಕಬೇಕು. ದೊನಿಜೆತ್ತಿಯಲ್ಲಿ ಕೂಗದಿದ್ದರೆ ಅವನನ್ನೂ ಹೊರಗೆ ಹಾಕಬೇಕು. ಅದು ಕಸರತ್ತು ತೋರಿಸಲೆಂದೇ ಕಟ್ಟಿದ ಹಾಡು.

ಲಾ ಸ್ಕಾಲಾದ ಮೇಲಿನ ಅಟ್ಟದವರು ಮೆಚ್ಚಿದರೆ ದೇವರು, ಮುನಿದರೆ ಮಾರಿ. 2006ರ ಡಿಸೆಂಬರಿನಲ್ಲಿ ‘ಐದಾ’ ಒಪೆರಾದ ಎರಡನೆಯ ಪ್ರದರ್ಶನದಲ್ಲಿ, ಈಜಿಪ್ಟಿನ ಸೇನಾಪತಿಯ ಪಾತ್ರದ ಹೆಸರಾಂತ ಗಾಯಕ ರೊಬೆರ್ತೊ ಅಲಾನ್ಯಾ ಮೊದಲ ಹಾಡು ಮುಗಿಸುತ್ತಲೇ ಮೇಲಿನಿಂದ ಊಳಿಟ್ಟರು. ಆತ ಒಂದು ಸಲ ಮೇಲೆ ನೋಡಿ, ವೇದಿಕೆ ಬಿಟ್ಟು ನಡೆದೇಬಿಟ್ಟ. ಎದುರಿದ್ದ ಗಾಯಕಿ ಒಬ್ಬಳೇ ನಿಂತಳು. ವಾದ್ಯ ನಡೆಯುತ್ತಲೇ ಇತ್ತು. ಒಳಗಿನಿಂದ ಬದಲಿ ಗಾಯಕ ಅಂತೊನೆಲ್ಲೊ ಪಲೊಂಬಿಯನ್ನು ನೂಕಿದರು. ಈಜಿಪ್ಟಿನ ಸೇನಾಪತಿ ಜೀನ್ಸ್ ಪ್ಯಾಂಟಿನಲ್ಲಿ ಬಂದು ಹಾಡು ಹಿಡಿದ. ಕಂಪನಿ ನಾಟಕದಲ್ಲಿ ಭೀಮನ ಪಾತ್ರಧಾರಿ ಮುನಿಸಿಕೊಂಡಾಗ ಹಾರ್ಮೋನಿಯಂ ಮಾಸ್ತರೇ ಗದೆ ಹಿಡಿದ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದು ಪರದೇಶದ ಸುದ್ದಿ ಅನ್ನಿಸುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಂತೂ ಚಪ್ಪಾಳೆಗೇ ಗುತ್ತಿಗೆದಾರರಿದ್ದರು. ಎಲ್ಲಿ ಚಪ್ಪಾಳೆ, ಎಲ್ಲಿ ‘ಬ್ರಾವೋ’ ಎಲ್ಲಕ್ಕೂ ದರ.

ಪ್ಯಾರಿಸ್ಸನ್ನು ಬೇಗ ಮುಗಿಸುತ್ತೇನೆ. 1875ರ ಗಾರ್ನಿಯೆ ಅರಮನೆ ಅನ್ನುವ ಒಪೆರಾ ಮಂದಿರದಲ್ಲಿ ನಾನು ಕೊಂಡದ್ದು ಪಕ್ಕದ ಅಗ್ಗದ ಸೀಟು. ಲಾಳದ ಆಕಾರದ ಹಳೆಯ ಮಂದಿರಗಳಲ್ಲಿ ಪಕ್ಕದಿಂದ ಅರ್ಧ ವೇದಿಕೆ ಕಾಣುವುದಿಲ್ಲ, ಕೊಳ್ಳುವಾಗಲೇ ಹೇಳಿರುತ್ತಾರೆ. ಹೀಗಾಗಿ ಅರ್ಧ ಹೊತ್ತು ಛಾವಣಿ ನೋಡಿದೆ. ಅದು 1964ರಲ್ಲಿ ಶಗಾಲ್ ಬರೆದ ಚಿತ್ರ, ನಷ್ಟವೇನೂ ಆಗಲಿಲ್ಲ.

ಬ್ಯಾಲೆಗೆ ಬರೋಣ. ಬಹಳ ಕಾಲ ನಾನು ಬ್ಯಾಲೆಯ ಕಡೆ ಮುಖ ಹಾಕಿರಲಿಲ್ಲ. ಮಾತಿಲ್ಲದ ನಾಟಕ ಏನು ನಾಟಕ ಅನ್ನುವ ಗರ್ವ. ಮಗಳು, “ಅಪ್ಪಾ, ಒಂದ್ಸಲ ಬಾ, ಸೇರಲಿಲ್ಲಂದ್ರ ಎದ್ದು ಹೋಗೂಣು” ಅಂತ ಲಂಡನ್ನಿನ ರಾಯಲ್ ಒಪೆರಾ ಹೌಸಿಗೆ ಕರೆದೊಯ್ದಳು. ಕಾವೆಂಟ್ ಗಾರ್ಡನ್ ಸ್ಟೇಷನ್ನಿನಲ್ಲಿ ಲಿಫ್ಟಿನ ಸಾಲು ನೋಡಿ ಮೆಟ್ಟಿಲು ಹತ್ತಿದೆವು. 193 ಮೆಟ್ಟಿಲು, ಬೋರ್ಡಿನಲ್ಲೇ ಎಚ್ಚರಿಕೆ ಬರೆದಿದ್ದಾರೆ. ಈಗ ಅಂಗಡಿ, ಕಾಫಿ, ಜಾದೂಗಾರರಿಂದ ತುಂಬಿದ ಆ ಚೌಕ 1974ರವರೆಗೂ ಕಾಯಿಪಲ್ಯೆ, ಹಣ್ಣು, ಹೂವಿನ ಸಗಟು ಮಾರುಕಟ್ಟೆ. ಒಪೆರಾ ಮುಗಿಸಿ ಹೊರಬಂದ ರೇಷ್ಮೆ ಬಟ್ಟೆಯವರು ಕೋಸಿನ ಗಾಡಿಗಳ ನಡುವೆ ದಾರಿ ಮಾಡಿಕೊಂಡು ಹೋಗಬೇಕಿತ್ತು. ಹಳೆಯ ಹೂವಿನ ಮಾರುಕಟ್ಟೆಯ ಗಾಜಿನ ಮಂಟಪ ಈಗ ರಂಗಮಂದಿರದ ಭಾಗವೇ ಆಗಿದೆ. ಮಂದಿರವೂ ಮೂರನೆಯದು. ಮೊದಲಿನ ಎರಡು 1808ರಲ್ಲಿ, 1856ರಲ್ಲಿ ಸುಟ್ಟುಹೋದವು.

ಅವತ್ತು ಇದ್ದದ್ದು ‘ಲಾ ಬಯಾದೇರ್’. 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪೆಟಿಪಾ ಕಟ್ಟಿದ ಬ್ಯಾಲೆ, ಸಂಗೀತ ಮಿಂಕುಸ್‌ನದು. ಕಥೆ ನಡೆಯುವುದು ಭಾರತದಲ್ಲಿ. ದೇವಾಲಯದ ನರ್ತಕಿ ನಿಕಿಯಾ, ಆಕೆಯನ್ನು ಪ್ರೀತಿಸುವ ಯೋಧ ಸೊಲೊರ್, ಅವನನ್ನು ಕಸಿಯುವ ರಾಜಕುಮಾರಿ ಗಮ್ಜಾತಿ, ನರ್ತಕಿಯ ಮೇಲೆ ಕಣ್ಣಿಟ್ಟ ಮಹಾ ಬ್ರಾಹ್ಮಣ. ಹೂಬುಟ್ಟಿಯಲ್ಲಿ ಹಾವಿಟ್ಟು ನಿಕಿಯಾಳನ್ನು ಕೊಲ್ಲುತ್ತಾರೆ. ಈ ಹೆಸರುಗಳು ಯಾವ ರಾಜ್ಯದವು ಅಂತ ಕೇಳಬೇಡಿ. ಮೊದಲ ಅಂಕದಲ್ಲಿ ನಾನೂ ಮಗಳೂ ಬಾಯಿ ಮುಚ್ಚಿಕೊಂಡು ನಕ್ಕೆವು.

ನಗುವಿನ ಹಿಂದೆಯೇ ಇನ್ನೊಂದು ಯೋಚನೆ ಬಂತು, ಅದನ್ನು ಹೇಳದೆ ಹೋಗಲಾರೆ. ದೇವಾಲಯದ ನರ್ತಕಿ ಯುರೋಪಿಗೆ ಕನಸು. 1838ರಲ್ಲಿ ಪಾಂಡಿಚೇರಿ ಕಡೆಯ ನಿಜವಾದ ದೇವದಾಸಿಯರ ತಂಡವೊಂದನ್ನು ಪ್ಯಾರಿಸ್, ಲಂಡನ್ನುಗಳಿಗೆ ಕರೆದೊಯ್ದು ಕುಣಿಸಿದ್ದರು, ಅಲ್ಲಿಯ ಕವಿಗಳು ಮರುಳಾಗಿ ಬರೆದರು. ನಮ್ಮ ಭಾಗದಲ್ಲಿ ದೇವದಾಸಿ ಅಂದರೆ ಏನು ಅಂತ ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಕಲಬುರಗಿ, ಯಾದಗಿರಿ, ರಾಯಚೂರಿನ ಹಳ್ಳಿಗಳಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಯಾವ ಜಾತಿಯವರು, ಅವರ ಮುಪ್ಪು ಹೇಗೆ ಕಳೆಯುತ್ತದೆ ಅಂತ ನೋಡಿದವರು ನಾವು. ಇದನ್ನು ತಡೆಯಲು ಕರ್ನಾಟಕದಲ್ಲಿ 1982ರಲ್ಲಿ ಕಾನೂನೇ ಬಂತು. ಆ ಬೆಳ್ಳಿ ಬಟ್ಟೆಯ ನಿಕಿಯಾಳನ್ನು ನೋಡುತ್ತ ನನಗೆ ಹಿತವೂ ಆಯಿತು, ಇರುಸುಮುರುಸೂ ಆಯಿತು. ಎರಡೂ ಈಗಲೂ ಹಾಗೇ ಇವೆ.

ಆದರೆ ಮುಂದಿನ ಅಂಕ ಬಂತಲ್ಲ, ಅಲ್ಲಿ ನಾನು ಸೋತೆ. ಸೊಲೊರ್ ಅಫೀಮು ಸೇದಿ ಸತ್ತವರ ಲೋಕ ಕಾಣುತ್ತಾನೆ. ಕತ್ತಲ ಇಳಿಜಾರಿನ ಮೇಲಿಂದ ಬಿಳಿ ಬಟ್ಟೆಯ ಒಬ್ಬಳು ಬರುತ್ತಾಳೆ. ಒಂದು ಕಾಲು ಹಿಂದಕ್ಕೆ ಚಾಚಿ ಮುಂದಕ್ಕೆ ಬಾಗುತ್ತಾಳೆ, ಹಿಂದೆ ವಾಲಿ ಕೈ ಎತ್ತುತ್ತಾಳೆ, ಎರಡು ಹೆಜ್ಜೆ ಇಡುತ್ತಾಳೆ. ಅವಳ ಹಿಂದೆ ಎರಡನೆಯವಳು, ಅದೇ ಚಲನೆ. ಮೂರನೆಯವಳು. ಲಂಡನ್ನಿನಲ್ಲಿ 24 ಜನ, ಪೀಟರ್ಸ್‌ಬರ್ಗಿನಲ್ಲಿ 32. ಮೊದಲು ಇಳಿದವಳು ಕೊನೆಯವಳು ಬರುವವರೆಗೂ ಅದನ್ನೇ ಮಾಡುತ್ತಿರಬೇಕು, ಒಂಟಿ ಕಾಲು ನಡುಗದಂತೆ. ಹೊಸ ಚಲನೆ ಒಂದೂ ಇಲ್ಲ. ದುಬಾರಿ ಸೀಟಿನವರಿಗೆ ಮುಂದಿನ ಸಾಲಿನ ಮುಖ ಮಾತ್ರ ಕಾಣುತ್ತದೆ. ಮೇಲಿನ ಅಟ್ಟದಿಂದ ನೋಡಿದ ನಮಗೆ ಇಡೀ ನೆಲದ ಮೇಲೆ ಸಾಲುಗಳು ಹಾವಿನಂತೆ ತಿರುಗಿ ಅಚ್ಚುಕಟ್ಟಾಗಿ ನಿಲ್ಲುವುದು ಕಂಡಿತು. ಗುಂಪು ಕುಣಿಯುವ ಬ್ಯಾಲೆಗೆ ಮೇಲಿನ ಅಟ್ಟವೇ ಮೊದಲ ದರ್ಜೆ, ಇದನ್ನು ಬೇಕಾದರೆ ಬರೆದುಕೊಡುತ್ತೇನೆ.

ಇನ್ನೊಂದು ವಿಷಯ, ವಾದ್ಯ ತಗ್ಗಿದಾಗ ಅಷ್ಟು ಮೇಲಕ್ಕೂ ಬೂಟಿನ ಸದ್ದು ಕೇಳುತ್ತದೆ, ಟಪ್ ಟಪ್ ಅಂತ. ತುದಿಗಾಲಿನ ಆ ಬೂಟಿನಲ್ಲಿ ಕಟ್ಟಿಗೆ ಇದೆ ಅಂತ ನಾನು ತಿಳಿದಿದ್ದೆ. ಇಲ್ಲ. ಬಟ್ಟೆ, ಕಾಗದ, ಹಿಟ್ಟಿನ ಅಂಟು, ಇವುಗಳ ಪದರ ಒಣಗಿಸಿ ಮಾಡಿದ ಮೂತಿ, ಮೇಲೆ ಸ್ಯಾಟಿನ್. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಬಳಸಿದ ಜೋಡಿಯೊಂದನ್ನು ಹತ್ತಿರದಿಂದ ನೋಡಿದೆ: ಅಟ್ಟೆಗೆ ಜಾರದಂತೆ ಚಾಕುವಿನಿಂದ ಗೀರಿದ ಗೆರೆ, ಮೂತಿಯ ಸುತ್ತ ದಪ್ಪ ದಾರದ ಒತ್ತು ಹೊಲಿಗೆ, ಲಾಡಿ ಹೊಲಿದದ್ದು ಕೈಯಿಂದ, ಒಳಗೆ ಕಂದಿದ ಕಲೆ. ಹೊಸ ಬೂಟನ್ನು ಸುತ್ತಿಗೆಯಿಂದ ಬಡಿದು, ಬಾಗಿಲ ಸಂದಿಗೆ ಸಿಕ್ಕಿಸಿ ಬಗ್ಗಿಸಿ ಹದ ಮಾಡಿಕೊಳ್ಳುತ್ತಾರೆ. ಇಷ್ಟೆಲ್ಲ ಮಾಡಿದ್ದು ಒಂದು ಸಂಜೆಗೆ ಮೆತ್ತಗಾಗಿ ಹೋಗುತ್ತದೆ. ಲಂಡನ್ನಿನ ಫ್ರೀಡ್ ಕಂಪನಿಯಲ್ಲಿ ಬೂಟು ಮಾಡುವ ಪ್ರತಿಯೊಬ್ಬ ಕುಶಲಕರ್ಮಿಗೂ ಒಂದು ಗುರುತು, ಅದನ್ನು ಅಟ್ಟೆಯ ಮೇಲೆ ಒತ್ತುತ್ತಾನೆ. ನರ್ತಕಿಯರು ತಮ್ಮ ಗುರುತಿನವನದೇ ಬೂಟು ಬೇಕು ಅಂತ ಹಟ ಹಿಡಿಯುತ್ತಾರೆ.

ಇದೇ ಕಾವೆಂಟ್ ಗಾರ್ಡನ್ನಿನಲ್ಲಿ 1923ರಲ್ಲಿ ರಷ್ಯದ ಬ್ಯಾಲೆ ನರ್ತಕಿ ಆನಾ ಪಾವ್ಲೊವಾ ರಾಧೆಯಾಗಿ, ಉದಯಶಂಕರ್ ಕೃಷ್ಣನಾಗಿ ಕುಣಿದರು. ಉದಯಶಂಕರ್ ಆಗ ಚಿತ್ರಕಲೆ ಕಲಿಯಲು ಲಂಡನ್ನಿಗೆ ಬಂದ ಹುಡುಗ. ರುಕ್ಮಿಣಿದೇವಿಗೂ ನಿಮ್ಮ ದೇಶದ ನೃತ್ಯದ ಕಡೆ ನೋಡು ಅಂತ ಹೇಳಿದವಳು ಇದೇ ಪಾವ್ಲೊವಾ. ಕಳೆದುಕೊಂಡದ್ದು ಹುಡುಕಲು ಪರದೇಶದವಳು ಹೇಳಬೇಕಾಯಿತು ನೋಡ್ರಿ.

ಹಿಂದಿನ ಸಾಲಿನ ಹಿರಿಯರು ಕೇಳುತ್ತಿದ್ದಾರೆ: “ಭಾಷಾನೇ ತಿಳೀಲ್ಲಾಂದ್ರ ಏನ್ ನೋಡ್ತೀರಿ?” ಕಾಕಾ, ಈಗ ವೇದಿಕೆಯ ಮೇಲೆ ಅನುವಾದದ ಸಾಲು ಓಡುತ್ತದೆ. ಮೊದಲು ಮಾಡಿದ್ದು 1983ರಲ್ಲಿ ಕೆನಡಾದ ಟೊರಾಂಟೊದವರು. ವಿಯೆನ್ನಾದಲ್ಲಿ ನಿಂತವರ ಮುಂದೆಯೂ ಕಂಬಿಯ ಮೇಲೆ ಪುಟ್ಟ ಪರದೆ ಇದೆ. ಇಟಲಿಯವರು ಇಟಾಲಿಯನ್ ಒಪೆರಾಕ್ಕೂ ಆ ಸಾಲು ಓದುತ್ತಾರೆ. ಯಾಕಂದರೆ ಹೆಂಗಸರ ದನಿ ತಾರಕಕ್ಕೆ ಏರಿದಾಗ ಅ, ಇ, ಉ ಎಲ್ಲ ಒಂದೇ ಆಗಿ ಕೇಳುತ್ತವೆ, ಬಾಯಿ ಅಷ್ಟು ತೆರೆದ ಮೇಲೆ ಅಕ್ಷರ ಉಳಿಯುವುದಿಲ್ಲ. ನಮಗೆ ಹತ್ತಿರದ ಭಾಷೆಯೇ ಬೇಕೆಂದರೆ ಅದೂ ಇದೆ: ಫಿಲಿಪ್ ಗ್ಲಾಸ್‌ನ ‘ಸತ್ಯಾಗ್ರಹ’, 1980ರಲ್ಲಿ ನೆದರ್ಲೆಂಡಿನ ರಾಟರ್‌ಡ್ಯಾಮಿನಲ್ಲಿ ಮೊದಲು ಆಡಿದ್ದು. ದಕ್ಷಿಣ ಆಫ್ರಿಕದ ಗಾಂಧಿಯ ಕಥೆ, ಹಾಡುವುದು ಭಗವದ್ಗೀತೆಯ ಸಂಸ್ಕೃತ ಶ್ಲೋಕ. ನ್ಯೂಯಾರ್ಕಿನವನಿಗೆ ಏನೂ ತಿಳಿಯದು, ನಮ್ಮ ಶಾಸ್ತ್ರಿಗಳಿಗೆ ತಿಳಿದೀತು, ಉಚ್ಚಾರಕ್ಕೆ ಕೋಪ ಬಂದೀತು.

ಹೋಗುವವರಿಗೆ ನನ್ನ ಕಡೆಯಿಂದ ಇಷ್ಟು. ಕೋಟು ಬೇಕಾಗಿಲ್ಲ, ಒಗೆದ ಅಂಗಿ ಸಾಕು. ಕಥೆ ಮೊದಲೇ ಓದಿಕೊಳ್ಳಿ, ಮಧ್ಯಾಹ್ನ ಒಂದು ತಾಸು ಮಲಗಿ. ನಿಲ್ಲುವ ಟಿಕೀಟಿನವರು ಮೆತ್ತನೆಯ ಬೂಟು ಹಾಕಿಕೊಳ್ಳಿ. ವಾಗ್ನರನಿಂದ ಶುರು ಮಾಡಬೇಡಿ, ಅವನ ‘ರಿಂಗ್’ ನಾಲ್ಕು ದಿನ ಸೇರಿ ಸುಮಾರು ಹದಿನೈದು ತಾಸು. ರಾತ್ರಿಯಿಡೀ ಬಯಲಾಟ ನೋಡಿ ಪಳಗಿದವರಿಗೆ ಮಾತ್ರ ಅಡ್ಡಿಯಿಲ್ಲ. ಮುಂಬೈಗೆ ಹೋಗುವವರು ಯಾರಾದರೂ ಇದ್ದರೆ ಎನ್‌ಸಿಪಿಎಯಲ್ಲಿ ಏನಿದೆ ಅಂತ ನೋಡಿಕೊಂಡು ರೈಲಿನ ಟಿಕೀಟು ತೆಗೆಸಿ. ಬರುವ ಭಾನುವಾರ ಇದೇ ಹೊತ್ತಿಗೆ ಮಗಳು ಕಳಿಸಿದ ಡಿವಿಡಿಯಲ್ಲಿ ‘ಟೋಸ್ಕಾ’ದ ಎರಡನೆಯ ಅಂಕ ತೋರಿಸುತ್ತೇನೆ. ಸುಮಾರು ಮುಕ್ಕಾಲು ತಾಸು. ಸ್ಪೀಕರಿನ ಬಗ್ಗೆ ಇಷ್ಟೆಲ್ಲ ಬೈದವನು ಸ್ಪೀಕರ್ ಹಚ್ಚಿಯೇ ತೋರಿಸಬೇಕು, ಏನು ಮಾಡುವುದು. ಕುರ್ಚಿ ಸಾಲದಿದ್ದರೆ ಜಮಖಾನೆ ಹಾಸೋಣ.